ಎತ್ತಿನ ತೂಕ, ಜನರ ಮತ

ನಮ್ಮ ಬಾಲ್ಯದ ಮೊಹಲ್ಲಾದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಒಂದು ರಾತ್ರಿ ಇಶಾ ನಮಾಜಿನ ನಂತರ ಹಿರಿಯರೆಲ್ಲ ಒಬ್ಬರ ಮನೆಯ ಜಗಲಿಯಲ್ಲಿ ಸೇರುತ್ತಿದ್ದರು. ಚಹಾದ ಗ್ಲಾಸುಗಳು ಎರಡು ಸುತ್ತು ಬರುತ್ತಿದ್ದವು. ಯಾರು ಬಂದರೆ ಖಬರಸ್ತಾನದ ಗೋಡೆ ಮುಗಿದೀತು, ಯಾರು ಬಂದರೆ ಕಷ್ಟಕಾಲದಲ್ಲಿ ಪೊಲೀಸ್ ಠಾಣೆಗೆ ಒಂದು ಫೋನಾದರೂ ಮಾಡಿಯಾರು ಎಂಬ ಲೆಕ್ಕಾಚಾರ ನಡೆಯುತ್ತಿತ್ತು. ಕೊನೆಗೆ ಎಲ್ಲರಿಗಿಂತ ಹಿರಿಯರಾದವರು ಗಂಟಲು ಸರಿಪಡಿಸಿಕೊಂಡು "ಈ ಸಲ ಎಲ್ಲರೂ ಇಂಥವರಿಗೆ" ಎನ್ನುತ್ತಿದ್ದರು. ಸಭೆ ಮುಗಿಯುತ್ತಿತ್ತು. ಮರುದಿನ ಗಂಡಸರು ಆ ತೀರ್ಮಾನವನ್ನು ಮನೆಮನೆಗೆ ತಂದು, ರೇಷನ್ ಅಂಗಡಿಗೆ ಸಕ್ಕರೆ ಬಂದಿದೆ ಎಂಬ ಸುದ್ದಿ ಹೇಳುವಂತೆ ಹೆಂಗಸರಿಗೆ ಹೇಳುತ್ತಿದ್ದರು.

1989ರ ಚುನಾವಣೆ ನಮಗೆ ಮಸುಕಾಗಿ ನೆನಪಿದೆ. ಅಮ್ಮಿ ಮತ ಹಾಕಿ ಮನೆಗೆ ಬಂದಾಗ ಅಬ್ಬಾ "ಹೇಳಿದವರಿಗೇ ಹಾಕಿದೆ ತಾನೇ?" ಎಂದು ಕೇಳಿದ್ದರು. ಅಮ್ಮಿ ಬುರ್ಖಾವನ್ನು ಗೂಟಕ್ಕೆ ತೂಗುಹಾಕುತ್ತಾ "ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ" ಎಂದಷ್ಟೇ ಹೇಳಿ ಒಲೆಯ ಕಡೆ ಹೋದರು. ಅಬ್ಬಾ ಮತ್ತೆ ಕೇಳಲಿಲ್ಲ. ಕೇಳಿದ್ದರೂ ತಿಳಿಯುವ ದಾರಿ ಅವರಿಗೆ ಇರಲಿಲ್ಲ. ಅಮ್ಮಿಯ ಬೆರಳಿನ ಕಪ್ಪು ಗುರುತು ಅವರು ಮತ ಹಾಕಿದ್ದನ್ನು ಮಾತ್ರ ಹೇಳುತ್ತಿತ್ತು. ಯಾರಿಗೆ ಎಂಬುದನ್ನು ಹೇಳುತ್ತಿರಲಿಲ್ಲ.

ಆ ಜಗಲಿಯ ಹಿರಿಯರು ಕೆಟ್ಟವರೇನೂ ಆಗಿರಲಿಲ್ಲ. 'ಎಲ್ಲರಿಗೂ ಎಲ್ಲ ತಿಳಿಯುವುದಿಲ್ಲ, ತಿಳಿದವರು ಹೇಳಿದಂತೆ ಉಳಿದವರು ನಡೆದರೆ ಎಲ್ಲರಿಗೂ ಕ್ಷೇಮ' ಎಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಈ ನಂಬಿಕೆ ಅವರೊಬ್ಬರದೂ ಅಲ್ಲ. ಗ್ರೀಸಿನ ಪ್ಲೇಟೋನಿಂದ ಹಿಡಿದು ಎಷ್ಟೋ ಮಂದಿ ಚಿಂತಕರು ಇದನ್ನೇ ಹೇಳಿದ್ದಾರೆ. ಉರ್ದು ಶಾಲೆಯಲ್ಲಿ ಓದಿದ ನಮಗೆ ಇಕ್ಬಾಲರ ಆಕ್ಷೇಪಣೆಯೂ ಗೊತ್ತು. ಪ್ರಜಾಪ್ರಭುತ್ವದಲ್ಲಿ ತಲೆ ಎಣಿಸುತ್ತಾರೆಯೇ ಹೊರತು ಯಾವ ತಲೆ ಎಷ್ಟು ತೂಗುತ್ತದೆಂದು ನೋಡುವುದಿಲ್ಲ ಎಂಬುದು ಅವರ ದೂರು. ಹಾಗಾದರೆ ಸಾಮಾನ್ಯ ಜನರ ತಲೆಗಳನ್ನು ಎಣಿಸಿದರೆ ಸಿಗುವುದಾದರೂ ಏನು? ಈ ಪ್ರಶ್ನೆಯನ್ನು ಅಕ್ಷರಶಃ ತಕ್ಕಡಿಯಲ್ಲಿಟ್ಟು ನೋಡಿದ ಒಂದು ಪ್ರಸಂಗ ಇತಿಹಾಸದಲ್ಲಿದೆ.

ಪ್ಲಿಮತ್ ಊರಿನ ಎತ್ತು

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನಲ್ಲಿ ಜಾನುವಾರು ಮತ್ತು ಕೋಳಿಗಳ ಪ್ರದರ್ಶನ ನಡೆಯಿತು. ಅಲ್ಲೊಂದು ಸ್ಪರ್ಧೆ. ಕೊಬ್ಬಿದ ಒಂದು ಎತ್ತನ್ನು ನಿಲ್ಲಿಸಿದ್ದರು. ಅದನ್ನು ಕಡಿದು ಸ್ವಚ್ಛಗೊಳಿಸಿದ ಮೇಲೆ ಎಷ್ಟು ತೂಗೀತು ಎಂದು ಅಂದಾಜು ಮಾಡಬೇಕು. ಆರು ಪೆನ್ಸ್ ಕೊಟ್ಟು ಚೀಟಿ ಕೊಳ್ಳಬೇಕು, ಅದರಲ್ಲಿ ತನ್ನ ಹೆಸರು, ವಿಳಾಸ, ಅಂದಾಜು ಬರೆಯಬೇಕು. ಸರಿಯಾದ ತೂಕಕ್ಕೆ ಹತ್ತಿರ ಬಂದವರಿಗೆ ಬಹುಮಾನ. ಸುಮಾರು 800 ಜನ ಚೀಟಿ ಕೊಂಡರು. ಅವರಲ್ಲಿ ಕಸಾಯಿಗಳಿದ್ದರು, ರೈತರಿದ್ದರು, ದನದ ವ್ಯವಹಾರ ಏನೂ ತಿಳಿಯದೆ ಹುಮ್ಮಸ್ಸಿಗೆ ಚೀಟಿ ಕೊಂಡವರೂ ಇದ್ದರು.

ಸ್ಪರ್ಧೆ ಮುಗಿದ ಮೇಲೆ ಆ ಚೀಟಿಗಳನ್ನು ಎರವಲು ತರಿಸಿಕೊಂಡ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. ಚಾರ್ಲ್ಸ್ ಡಾರ್ವಿನ್ನನ ಸಂಬಂಧಿಕನಾದ ಈತನಿಗೆ ಆಗ 84 ವರ್ಷ. ಬುದ್ಧಿ ಎಂಬುದು ವಂಶದಿಂದ ಬರುತ್ತದೆ, ಉತ್ತಮ ವಂಶದವರು ಹೆಚ್ಚು ಮಕ್ಕಳನ್ನು ಹೆರಬೇಕು ಎಂಬ ವಾದಕ್ಕೆ 1883ರಲ್ಲಿ ಹೆಸರಿಟ್ಟವನೇ ಈತ. ಆ ವಾದ ಮುಂದೆ ಹಲವು ದೇಶಗಳಲ್ಲಿ ಎಂಥ ಕ್ರೌರ್ಯಕ್ಕೆ ದಾರಿಯಾಯಿತೆಂಬುದನ್ನು ನಾವೆಲ್ಲ ಬಲ್ಲೆವು. ಜನಸಾಮಾನ್ಯರ ಬುದ್ಧಿಯ ಬಗ್ಗೆ ಅಷ್ಟೇನೂ ಗೌರವವಿಲ್ಲದ ಮನುಷ್ಯ. ಆದರೆ ಅಂಕಿಗಳ ಮುಂದೆ ತಲೆಬಾಗುವ ಪ್ರಾಮಾಣಿಕತೆ ಅವನಲ್ಲಿತ್ತು.

ಓದಲಾಗದ 13 ಚೀಟಿಗಳನ್ನು ತೆಗೆದು ಉಳಿದ 787ನ್ನು ಅವನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದ. ನಟ್ಟನಡುವಿನ ಚೀಟಿ ಹೇಳಿದ್ದು 1207 ಪೌಂಡು. ಎತ್ತಿನ ನಿಜವಾದ ತೂಕ 1198 ಪೌಂಡು, ಅಂದರೆ ಸುಮಾರು 543 ಕಿಲೋ. ವ್ಯತ್ಯಾಸ ಬರೀ ಒಂಬತ್ತು ಪೌಂಡು, ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ. ಬೇರೊಬ್ಬರು ಕೇಳಿದ ಮೇಲೆ ಎಲ್ಲ ಅಂದಾಜುಗಳ ಸರಾಸರಿ ತೆಗೆದು ನೋಡಿದರೆ ಅದು 1197 ಪೌಂಡು! ಒಬ್ಬೊಬ್ಬರಾಗಿ ನೋಡಿದರೆ ಬಹಳಷ್ಟು ಜನ ಹತ್ತಾರು ಪೌಂಡು ಮೇಲೆ ಕೆಳಗೆ ಹೇಳಿದ್ದರು. ಎಲ್ಲರನ್ನೂ ಕೂಡಿಸಿದಾಗ ಒಬ್ಬರ ಹೆಚ್ಚು ಇನ್ನೊಬ್ಬರ ಕಡಿಮೆಯನ್ನು ತಿಂದುಹಾಕಿತ್ತು. 1907ರ ಮಾರ್ಚ್ 7ರಂದು 'ನೇಚರ್' ಪತ್ರಿಕೆಯಲ್ಲಿ ಗಾಲ್ಟನ್ ಇದನ್ನು ಪ್ರಕಟಿಸಿದ. ಜನತಾ ತೀರ್ಮಾನದ ನಂಬಿಕಸ್ಥಿಕೆ ತಾನು ಎಣಿಸಿದ್ದಕ್ಕಿಂತ ಹೆಚ್ಚಾಗಿದೆ ಎಂದು ಆ ಮುದುಕ ಒಪ್ಪಿಕೊಂಡ. ತಲೆಗಳನ್ನು ಎಣಿಸಿಯೇ ಎತ್ತನ್ನು ತೂಗಿದಂತಾಗಿತ್ತು.

ಒಂದು ಸಣ್ಣ ಷರತ್ತು

ಇಲ್ಲಿಗೆ ಕತೆ ಮುಗಿಸಿದರೆ 'ಜನರು ಯಾವಾಗಲೂ ಸರಿ' ಎಂದು ಹೇಳಿ ಎದ್ದುಬಿಡಬಹುದು. ಆದರೆ ಗಾಲ್ಟನ್ನನ ಬರಹದಲ್ಲಿಯೇ ಗಮನಿಸಬೇಕಾದ ಒಂದು ಮಾತಿದೆ. ಆ ಅಂದಾಜುಗಳಲ್ಲಿ ಆವೇಶವಿರಲಿಲ್ಲ, ಯಾರ ಭಾಷಣದ ಪ್ರಭಾವವೂ ಇರಲಿಲ್ಲ ಎಂದು ಅವನು ಗುರುತಿಸಿದ್ದ. ಪ್ರತಿಯೊಬ್ಬರೂ ತಮ್ಮ ಕಣ್ಣಿಂದ ಎತ್ತನ್ನು ನೋಡಿ, ತಮ್ಮ ಚೀಟಿಯಲ್ಲಿ ತಾವೇ ಬರೆದಿದ್ದರು. ವೇದಿಕೆ ಹತ್ತಿದ ಹಿರಿಯ ಕಸಾಯಿಯೊಬ್ಬ "ಇದು 1500 ಪೌಂಡು, ಎಲ್ಲರೂ ಹಾಗೆಯೇ ಬರೆಯಿರಿ" ಎಂದಿದ್ದರೆ? ಆಗ 787 ಚೀಟಿಗಳಿದ್ದರೂ ಅಂದಾಜು ಒಂದೇ ಆಗುತ್ತಿತ್ತು. ಅವನ ತಪ್ಪೇ ಎಲ್ಲರ ತಪ್ಪಾಗುತ್ತಿತ್ತು.

ಇದಕ್ಕೂ ನೂರಿಪ್ಪತ್ತು ವರ್ಷ ಮೊದಲೇ ಈ ಷರತ್ತನ್ನು ಗಣಿತದಲ್ಲಿ ಹೇಳಿದವನು ಫ್ರಾನ್ಸಿನ ಕೊಂಡೋರ್ಸೆ. 1785ರಲ್ಲಿ ಪ್ರಕಟವಾದ ಅವನ ಗ್ರಂಥದ ತಿರುಳನ್ನು ನಮಗೆ ತಿಳಿದ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಒಂದು ಪ್ರಶ್ನೆಗೆ ಸರಿ ಅಥವಾ ತಪ್ಪು ಎಂಬ ಎರಡೇ ಉತ್ತರ ಇವೆ. ಪ್ರತಿಯೊಬ್ಬನೂ ನೂರಕ್ಕೆ ಅರವತ್ತು ಸಲ ಸರಿಯಾಗಿ ಹೇಳಬಲ್ಲ. ಇಂಥ ಮೂವರ ಬಹುಮತ ಸರಿಯಾಗಿರುವ ಸಂಭವ ಸುಮಾರು ಶೇ. 65. ನೂರಾ ಒಂದು ಜನ ಸೇರಿದರೆ ಅದು ಶೇ. 97ನ್ನು ದಾಟುತ್ತದೆ. ಸಾಧಾರಣ ಬುದ್ಧಿಯ ಜನ ಸೇರಿ ಅಸಾಧಾರಣ ತೀರ್ಮಾನಕ್ಕೆ ಬರಬಲ್ಲರು. ಆದರೆ ಅದೇ ಲೆಕ್ಕ ತಿರುಗಿ ಹೊಡೆಯುವುದೂ ಉಂಟು. ಸುಳ್ಳು ಸುದ್ದಿ, ದ್ವೇಷ, ಗಾಳಿಮಾತುಗಳಿಂದ ಒಬ್ಬೊಬ್ಬನ ತಿಳಿವಳಿಕೆಯೂ ನೂರಕ್ಕೆ ಐವತ್ತಕ್ಕಿಂತ ಕೆಳಗಿಳಿದರೆ ಜನ ಹೆಚ್ಚಾದಷ್ಟೂ ಬಹುಮತ ತಪ್ಪಾಗುವುದು ಖಚಿತವಾಗುತ್ತದೆ. ಮತ್ತು ಈ ಲೆಕ್ಕ ನಿಲ್ಲುವುದು ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಿದಾಗ ಮಾತ್ರ.

ಕೊಂಡೋರ್ಸೆ ಬರೀ ಲೆಕ್ಕದ ಮನುಷ್ಯನಲ್ಲ. ಹೆಂಗಸರಿಗೂ ಪೌರತ್ವದ ಹಕ್ಕು ಕೊಡಬೇಕೆಂದು 1790ರಲ್ಲಿಯೇ ಬರೆದವನು. ಫ್ರಾನ್ಸಿನ ಕ್ರಾಂತಿಯನ್ನು ಬೆಂಬಲಿಸಿದ ಅವನು ಕ್ರಾಂತಿಕಾರರ ಬಹುಮತ ತಪ್ಪು ದಾರಿ ಹಿಡಿದಾಗ ಬೇರೆ ದನಿಯಲ್ಲಿ ಮಾತಾಡಿದ. ಬಂಧನದ ಆಜ್ಞೆ ಹೊರಟಿತು. ತಿಂಗಳುಗಟ್ಟಲೆ ಅಡಗಿಕೊಂಡಿದ್ದು ಕೊನೆಗೆ ಸಿಕ್ಕಿಬಿದ್ದು 1794ರ ಮಾರ್ಚ್‌ನಲ್ಲಿ ಸೆರೆಮನೆಯಲ್ಲಿ ಸತ್ತ. ಬಹುಮತದ ಶಕ್ತಿಯನ್ನು ಲೆಕ್ಕ ಮಾಡಿ ತೋರಿಸಿದವನು ಬಹುಮತಕ್ಕೆ ಎದುರಾಗಿ ನಿಂತದ್ದಕ್ಕೆ ಪ್ರಾಣ ತೆತ್ತ.

ಕಣ್ಣು ನೋಡಿದ್ದನ್ನು ಬಾಯಿ ಹೇಳದು

ಸ್ವತಂತ್ರವಾಗಿ ಯೋಚಿಸುವುದೇನು ಕಷ್ಟ ಎಂದು ಕೇಳಬಹುದು. ಎಷ್ಟು ಕಷ್ಟ ಎಂಬುದನ್ನು ತೋರಿಸಿದವರು ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ. ಗಾಲ್ಟನ್ನನ ಲೇಖನ ಬಂದ 1907ರಲ್ಲಿಯೇ ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಈ ಯಹೂದಿ ಬಾಲಕ ಹದಿಮೂರನೆಯ ವಯಸ್ಸಿಗೆ ಅಮೆರಿಕಕ್ಕೆ ಹೋದ. 1950ರ ದಶಕದ ಆರಂಭದಲ್ಲಿ ಅವರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಸರಳವಾದ ಪ್ರಯೋಗ ನಡೆಸಿದರು. ಒಂದು ಹಾಳೆಯಲ್ಲಿ ಒಂದು ಗೆರೆ. ಇನ್ನೊಂದರಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆ. ಆ ಮೂರರಲ್ಲಿ ಮೊದಲ ಗೆರೆಗೆ ಸಮನಾದದ್ದು ಯಾವುದು? ಮಗುವೂ ಹೇಳಬಲ್ಲ ಉತ್ತರ. ಆದರೆ ಕೋಣೆಯಲ್ಲಿ ಕುಳಿತ ಏಳೆಂಟು ಜನರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರೇ ಮೊದಲು ಹೇಳಿಕೊಟ್ಟು ಕೂರಿಸಿದವರು. ಅವರು ಒಬ್ಬರ ಹಿಂದೊಬ್ಬರು ಗಟ್ಟಿಯಾಗಿ ತಪ್ಪು ಉತ್ತರ ಹೇಳುತ್ತಿದ್ದರು. ಕೊನೆಯ ಹೊತ್ತಿಗೆ ಆ ಒಬ್ಬ ಬಡಪಾಯಿಯ ಸರದಿ ಬರುತ್ತಿತ್ತು.

ಒಬ್ಬರೇ ಕುಳಿತು ಉತ್ತರಿಸಿದವರಲ್ಲಿ ತಪ್ಪು ನೂರಕ್ಕೆ ಒಂದೂ ಇರಲಿಲ್ಲ. ಗುಂಪಿನ ಮುಂದೆ ಮಾತ್ರ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಉತ್ತರಗಳು ಗುಂಪಿನ ತಪ್ಪಿನ ಜೊತೆ ಹೋದವು. ಕಣ್ಣು ನೋಡಿದ್ದನ್ನು ಬಾಯಿ ಹೇಳಲಿಲ್ಲ. ಆದರೂ ಸುಮಾರು ಕಾಲು ಭಾಗದಷ್ಟು ಜನ ಒಮ್ಮೆಯೂ ಬಗ್ಗಲಿಲ್ಲ ಎಂಬುದನ್ನು ಮರೆಯಬಾರದು. ಇನ್ನೂ ಎರಡು ಸಂಗತಿ ನಮಗೆ ಮುಖ್ಯವಾಗಿ ಕಂಡಿವೆ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಇವನಿಗೂ ಧೈರ್ಯ ಬರುತ್ತಿತ್ತು, ತಪ್ಪುಗಳು ಬಹಳವಾಗಿ ಇಳಿಯುತ್ತಿದ್ದವು. ಉತ್ತರವನ್ನು ಗಟ್ಟಿಯಾಗಿ ಹೇಳದೆ ಗುಟ್ಟಾಗಿ ಬರೆದುಕೊಡು ಎಂದಾಗಲೂ ಗುಂಪಿಗೆ ಬಗ್ಗುವುದು ತೀರಾ ಕಡಿಮೆಯಾಗುತ್ತಿತ್ತು.

2011ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದ ಅಧ್ಯಯನವೊಂದು ಗಾಲ್ಟನ್ ಮತ್ತು ಆಶ್ ಇಬ್ಬರನ್ನೂ ಒಂದೆಡೆ ತಂದಿತು. 144 ವಿದ್ಯಾರ್ಥಿಗಳಿಗೆ ಅಂದಾಜಿನ ಪ್ರಶ್ನೆಗಳನ್ನು ಕೊಟ್ಟು, ಕೆಲವರಿಗೆ ಉಳಿದವರ ಉತ್ತರಗಳನ್ನು ತೋರಿಸಿದರು. ತೋರಿಸಿದ ಕಡೆ ಅಂದಾಜುಗಳು ಒಂದಕ್ಕೊಂದು ಹತ್ತಿರವಾದವು. ಆದರೆ ಸತ್ಯಕ್ಕೆ ಹತ್ತಿರವಾಗಲಿಲ್ಲ. ಏರಿದ್ದು ಜನರ ಆತ್ಮವಿಶ್ವಾಸ ಮಾತ್ರ. ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆಂದರೆ ಅದು ಸತ್ಯವೇ ಇರಬೇಕೆಂದು ನಂಬುವ ನಮ್ಮ ಸ್ವಭಾವದ ಪರಿಚಯ ಇದು.

ಪರದೆಯ ಹಿಂದಿನ ಚೀಟಿ

ವಿಜ್ಞಾನಿಗಳು ಪ್ರಯೋಗದಿಂದ ಕಂಡುಕೊಂಡದ್ದನ್ನು ಜನಸಾಮಾನ್ಯರು ಪೆಟ್ಟು ತಿಂದು ಮೊದಲೇ ಕಲಿತಿದ್ದರು. 19ನೆಯ ಶತಮಾನದ ಬ್ರಿಟನ್ನಿನಲ್ಲಿ ಮತದಾರ ಎಲ್ಲರ ಎದುರು ತನ್ನ ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಯಾರು ಯಾರಿಗೆ ಮತ ಕೊಟ್ಟರೆಂಬ ಪಟ್ಟಿಗಳು ಅಚ್ಚಾಗಿ ಮಾರಾಟವಾಗುತ್ತಿದ್ದವು. ಜಮೀನುದಾರನಿಗೆ ಎದುರಾಗಿ ಮತ ಹಾಕಿದ ಗೇಣಿದಾರ ಒಕ್ಕಲೆಬ್ಬಿಸಿಕೊಳ್ಳಲು ಸಿದ್ಧನಾಗಿರಬೇಕಿತ್ತು. ಆಸ್ಟ್ರೇಲಿಯದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ವಸಾಹತುಗಳು 1856ರಲ್ಲಿ ಗುಪ್ತ ಮತದಾನವನ್ನು ತಂದವು. ಬ್ರಿಟನ್ ಅದನ್ನು ಒಪ್ಪಿದ್ದು 1872ರಲ್ಲಿ. ಅದೇ ಆಗಸ್ಟ್ 15ರಂದು ಪಾಂಟಿಫ್ರಾಕ್ಟ್ ಎಂಬ ಊರಿನ ಉಪಚುನಾವಣೆಯಲ್ಲಿ ಮೊದಲ ಬಾರಿಗೆ ಗುಟ್ಟಿನ ಚೀಟಿ ಪೆಟ್ಟಿಗೆಗೆ ಬಿತ್ತು. ಆ ಪೆಟ್ಟಿಗೆಯ ಅರಗಿನ ಮೇಲೆ ಒತ್ತಿದ್ದು ಅಲ್ಲಿನ ಜ್ಯೇಷ್ಠಮಧುವಿನ ಮಿಠಾಯಿ ಕಾರ್ಖಾನೆಯ ಮುದ್ರೆ!

ವಿರೋಧಿಸಿದವರು ಸಾಮಾನ್ಯರಲ್ಲ. ಸ್ವಾತಂತ್ರ್ಯದ ಬಗ್ಗೆ ಬರೆದು ಹೆಸರಾದ ಜಾನ್ ಸ್ಟುವರ್ಟ್ ಮಿಲ್ ಕೂಡ ಗುಪ್ತ ಮತದಾನವನ್ನು ಒಪ್ಪಲಿಲ್ಲ. ಮತ ಎಂಬುದು ಸಮಾಜ ನಮ್ಮ ಕೈಗೆ ಕೊಟ್ಟ ಅಮಾನತು, ಅದನ್ನು ಎಲ್ಲರೆದುರು ಹಾಕಿದರೆ ಮಾತ್ರ ಮನುಷ್ಯ ಸ್ವಾರ್ಥ ಬಿಟ್ಟು ಯೋಚಿಸುತ್ತಾನೆ ಎಂಬುದು ಅವನ ವಾದ. ಮಾತು ದೊಡ್ಡದು. ಆದರೆ ಎಲ್ಲರೆದುರು ಧೈರ್ಯವಾಗಿ ಮಾತಾಡುವ ಸೌಕರ್ಯ ಮನೆಯ ಬಾಡಿಗೆ ಕಟ್ಟಬೇಕಾದವನಿಗೆ, ಸಾಲಗಾರನಿಗೆ, ಸೊಸೆಗೆ ಇರುವುದಿಲ್ಲ ಎಂಬುದು ಮಿಲ್ಲನ ಲೆಕ್ಕಕ್ಕೆ ಬರಲಿಲ್ಲ.

ಹೆಸರಿಲ್ಲದ ಇಪ್ಪತ್ತೆಂಟು ಲಕ್ಷ

ಈಗ ನಮ್ಮ ದೇಶಕ್ಕೆ ಬರೋಣ. 1935ರ ಕಾಯ್ದೆಯ ಪ್ರಕಾರ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗಷ್ಟೇ ಮತ. ಅಂದರೆ ತೂಕವಿದ್ದ ತಲೆಗಳ ಎಣಿಕೆ. ಸ್ವತಂತ್ರ ಭಾರತ ಆ ತಕ್ಕಡಿಯನ್ನೇ ಎಸೆದು 21 ವರ್ಷ ತುಂಬಿದ ಎಲ್ಲರಿಗೂ ಮತ ಕೊಟ್ಟಿತು. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಮೊದಲ ಮಹಾಚುನಾವಣೆಯಲ್ಲಿ ಮತದಾರರು 17 ಕೋಟಿ 60 ಲಕ್ಷ. ಅವರಲ್ಲಿ ಸುಮಾರು ಶೇ. 85 ಜನರಿಗೆ ಓದು ಬರಹ ಬಾರದು. ಇದನ್ನು ನಡೆಸುವ ಹೊಣೆ ಹೊತ್ತವರು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅವರು ಓದಿದ್ದು ಗಣಿತ ಎಂಬುದು ಇಲ್ಲಿ ನೆನಪಿಡಬೇಕಾದ ವಿಷಯ.

ಓದಲು ಬಾರದವನು ಗುಟ್ಟಾಗಿ ಮತ ಹಾಕುವುದು ಹೇಗೆ? ಇನ್ನೊಬ್ಬರ ಸಹಾಯ ಕೇಳಿದರೆ ಗುಟ್ಟು ಹೋಯಿತು. ಅದಕ್ಕೆ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಉಕ್ಕಿನ ಪೆಟ್ಟಿಗೆ ಇಟ್ಟು, ಅದಕ್ಕೆ ಆನೆ, ಗುಡಿಸಲು, ಜೋಡೆತ್ತಿನಂಥ ಚಿಹ್ನೆ ಅಂಟಿಸಿದರು. ಮತದಾರ ಪರದೆಯ ಹಿಂದೆ ಹೋಗಿ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಬರೆಯುವುದೂ ಇಲ್ಲ, ಕೇಳುವುದೂ ಇಲ್ಲ. ಇಂಥ ಪೆಟ್ಟಿಗೆಗಳು 20 ಲಕ್ಷ ಬೇಕಾದವು.

ಆದರೆ ಮತದಾರರ ಪಟ್ಟಿ ಮಾಡುವಾಗ ಯಾರೂ ಎಣಿಸದ ತೊಡಕು ಬಂತು. ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆದುಕೊಳ್ಳಿ ಎಂದರು. ಇದು ಒಂದು ಧರ್ಮದ ರಿವಾಜಲ್ಲ. ನಮ್ಮ ದಾದಿಯನ್ನೂ ಮೊಹಲ್ಲಾದವರು ಕೊನೆಯವರೆಗೂ ಹಿರಿಯ ಮಗನ ಹೆಸರು ಹಿಡಿದು 'ಅವನ ಅಮ್ಮ' ಎಂದೇ ಕರೆದರು. ಸುಕುಮಾರ್ ಸೇನ್ ಒಪ್ಪಲಿಲ್ಲ. ಮತ ಇರುವುದು ಒಬ್ಬ ಮನುಷ್ಯಳಿಗೆ, ಇನ್ನೊಬ್ಬರ ಹೆಂಡತಿ ಎಂಬ ಸಂಬಂಧಕ್ಕಲ್ಲ ಎಂಬುದು ಆ ನಿಲುವಿನ ಅರ್ಥ. ಸುಮಾರು ಎಂಟು ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷ ಹೆಸರುಗಳು ಪಟ್ಟಿಯಿಂದ ಹೋದವು. ಬಹಳ ಕಠಿಣವಾದ ತೀರ್ಮಾನ. ಆ 28 ಲಕ್ಷ ಹೆಂಗಸರು ಮಾಡಿದ ತಪ್ಪಾದರೂ ಏನು ಎಂದು ಇಂದಿಗೂ ಮನಸ್ಸು ಕೇಳುತ್ತದೆ. ಆದರೆ ಗುಟ್ಟಿನ ಚೀಟಿಗೆ ಮೊದಲು ಬೇಕಾದದ್ದು ತನ್ನದೆಂದು ಹೇಳಿಕೊಳ್ಳುವ ಒಂದು ಹೆಸರು ಎಂಬುದನ್ನೂ ಅದು ಕಲಿಸಿತು.

ಬೆರಳಿನ ಮೇಲಿನ ಸಾಕ್ಷಿ

ಒಬ್ಬನೇ ಎರಡು ಸಲ ಬಂದರೆ? ಮನುಷ್ಯನ ಈ ಸ್ವಭಾವಕ್ಕೆ ಉತ್ತರ ಕೊಟ್ಟದ್ದು ರಸಾಯನಶಾಸ್ತ್ರ. ನಮ್ಮ ವಿಜ್ಞಾನಿಗಳು ಅಳಿಸಲಾಗದ ಶಾಯಿಯೊಂದನ್ನು ತಯಾರಿಸಿದರು. ಮೊದಲ ಚುನಾವಣೆಯಲ್ಲೇ ಅದರ 3 ಲಕ್ಷ 89 ಸಾವಿರಕ್ಕೂ ಹೆಚ್ಚು ಸೀಸೆಗಳು ಖರ್ಚಾದವು. ಈ ಶಾಯಿಯ ಕತೆ ಹೇಳುವವರು ಸಲೀಮುಜ್ಜಮಾನ್ ಸಿದ್ದಿಕಿಯವರ ಹೆಸರನ್ನು ನೆನೆಯುತ್ತಾರೆ. ಸರ್ಪಗಂಧಿ ಬೇರಿನಿಂದ ಔಷಧದ ಸತ್ವ ತೆಗೆದು ಅದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ 'ಅಜ್ಮಲೈನ್' ಎಂದು ಹೆಸರಿಟ್ಟ ರಸಾಯನಶಾಸ್ತ್ರಜ್ಞ ಇವರು. 1951ರಲ್ಲಿ ಪಾಕಿಸ್ತಾನಕ್ಕೆ ಹೋದರು.

ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ. ಚರ್ಮದ ಮೇಲಿನ ಉಪ್ಪಿನಂಶದ ಜೊತೆ ಸೇರಿ ಅದು ಬೇರೊಂದು ವಸ್ತುವಾಗುತ್ತದೆ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ನೀರಿಗೆ ಕರಗದು, ಸಾಬೂನಿಗೆ ಹೋಗದು. ಹಳೆಯ ಚರ್ಮ, ಉಗುರು ಸವೆದು ಹೋದಾಗಲೇ ಅದೂ ಹೋಗುವುದು. 1962ರಿಂದ ಇದನ್ನು ತಯಾರಿಸುತ್ತಿರುವುದು ನಮ್ಮ ಮೈಸೂರಿನ ಸರಕಾರಿ ಬಣ್ಣದ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣ ತಯಾರಿಸಲೆಂದು ಆರಂಭವಾದ ಇಲ್ಲಿಂದ ಈಗ ಹಲವು ದೇಶಗಳಿಗೆ ಪ್ರಜಾಪ್ರಭುತ್ವದ ಶಾಯಿ ಹೋಗುತ್ತದೆ.

ಈ ಏರ್ಪಾಡಿನ ಸೊಗಸು ಇರುವುದು ಇಲ್ಲಿಯೇ. ಶಾಯಿ ಊರಿಗೆಲ್ಲ ಕಾಣುತ್ತದೆ, ಚೀಟಿ ಯಾರಿಗೂ ಕಾಣುವುದಿಲ್ಲ. ಮನುಷ್ಯ ಮೋಸ ಮಾಡಬಲ್ಲ ಎಂಬ ಸಂಶಯಕ್ಕೆ ಶಾಯಿ. ಒಬ್ಬನೇ ಬಿಟ್ಟರೆ ಅವನು ಸರಿಯಾಗಿ ಯೋಚಿಸಬಲ್ಲ ಎಂಬ ಭರವಸೆಗೆ ಪರದೆ. ಸಂಶಯ, ಭರವಸೆ ಎರಡನ್ನೂ ಕೂಡಿಸಿ ಕಟ್ಟಿದ ಮನೆ ಪ್ರಜಾಪ್ರಭುತ್ವ.

ಬಯಲಾದ ಗುಟ್ಟು

ಈ ಮನೆಯ ಒಂದು ಕಿಟಕಿ ಈಚೆಗೆ ತೆರೆದುಕೊಂಡಿದೆ. ಮತಪತ್ರಗಳ ಕಾಲದಲ್ಲಿ ಎಣಿಕೆಗೆ ಮೊದಲು ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸುವ ಪದ್ಧತಿಯಿತ್ತು. ಯಾವ ಊರು, ಯಾವ ಕೇರಿ ಯಾರಿಗೆ ಹಾಕಿತೆಂದು ತಿಳಿಯುತ್ತಿರಲಿಲ್ಲ. 2004ರಲ್ಲಿ ದೇಶದ ಎಲ್ಲ ಲೋಕಸಭಾ ಕ್ಷೇತ್ರಗಳಲ್ಲಿ ಮತಯಂತ್ರ ಬಂತು. ಎಣಿಕೆ ಬೇಗವಾಯಿತು, ಆದರೆ ಪ್ರತಿ ಮತಗಟ್ಟೆಯ ಲೆಕ್ಕ ಬೇರೆಯಾಗಿ ಹೊರಬರತೊಡಗಿತು. ಒಬ್ಬೊಬ್ಬರ ಗುಟ್ಟು ಉಳಿದರೂ ಕೇರಿಯ ಗುಟ್ಟು ಹೋಯಿತು. ಒಂದು ಮತಗಟ್ಟೆಗೆ ಒಂದೇ ಸಮುದಾಯದ ಮತದಾರರು ಬರುವ ಕಡೆ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. "ನಿಮ್ಮ ಬೂತಿನಲ್ಲಿ ನಮಗೆ ಬಿದ್ದದ್ದು ಇಷ್ಟೇ, ಮತ್ತೆ ನಲ್ಲಿ ನೀರು ಕೇಳಲು ಹೇಗೆ ಬರುತ್ತೀರಿ?" ಎಂಬ ಮಾತನ್ನು ಕೇಳಿಸಿಕೊಂಡವರು ನಮ್ಮ ಓದುಗರಲ್ಲಿಯೂ ಇರಬಹುದು. ಮುಸ್ಲಿಮರ ಕೇರಿ, ದಲಿತರ ಕೇರಿ, ಎದುರು ಪಕ್ಷದ ಊರು ಎಲ್ಲಕ್ಕೂ ಇದು ಅನ್ವಯ.

ಹದಿನಾಲ್ಕು ಯಂತ್ರಗಳ ಮತವನ್ನು ಒಟ್ಟಿಗೆ ಎಣಿಸುವ ಸಾಧನವನ್ನು ಬಳಸಲು ಚುನಾವಣಾ ಆಯೋಗ 2008ರಲ್ಲಿಯೇ ಪ್ರಸ್ತಾವ ಕಳಿಸಿತು. 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಸರಕಾರ ಒಪ್ಪಲಿಲ್ಲ. ಮತಗಟ್ಟೆವಾರು ಲೆಕ್ಕವಿದ್ದರೆ ಅಕ್ರಮ ಪತ್ತೆ ಹಚ್ಚುವುದು ಸುಲಭ ಎಂಬ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆಶ್ ಅವರ ಕೋಣೆಯಲ್ಲಿ ಕುಳಿತ ಆ ಒಬ್ಬ ವಿದ್ಯಾರ್ಥಿಯನ್ನು ನೆನೆಯಿರಿ. ಅವನ ಉತ್ತರ ಗುಂಪಿಗೆ ಕೇಳಿಸುತ್ತದೆ ಎಂದು ಗೊತ್ತಾದ ಕ್ಷಣವೇ ಅವನ ಕಣ್ಣು ಸುಳ್ಳು ಹೇಳಲು ಶುರು ಮಾಡಿತ್ತು.

ಹೊರಗಿನ ಕಿಟಕಿಯ ಬಗ್ಗೆ ದೂರುವಾಗ ನಮ್ಮ ಜಗಲಿಯನ್ನೂ ನೋಡಿಕೊಳ್ಳಬೇಕು. ಮಶ್ವರಾ ಮಾಡುವುದು ತಪ್ಪಲ್ಲ, ಅದು ನಮಗೆ ಕಲಿಸಿದ ದಾರಿಯೇ. ಯಾರು ಏನು ಮಾಡಿದರು, ಯಾರು ಮಾತು ತಪ್ಪಿದರು ಎಂದು ಗಂಡಸರೂ ಹೆಂಗಸರೂ ಕೂತು ಚರ್ಚಿಸಲಿ. ಜಗಳವನ್ನೂ ಆಡಲಿ. ತಿಳಿವಳಿಕೆ ಹೆಚ್ಚುವುದು ಹಾಗೆಯೇ. ಆದರೆ ಚರ್ಚೆಯ ಕೊನೆಗೆ ಒಬ್ಬರು ಗಂಟಲು ಸರಿಪಡಿಸಿಕೊಂಡು ಫರ್ಮಾನು ಹೊರಡಿಸಿದರೆ ನೂರು ಮನೆಯ ನೂರು ಬುದ್ಧಿ ಒಂದು ಬುದ್ಧಿಯಾಗುತ್ತದೆ. ಆ ಒಂದು ಬುದ್ಧಿಯನ್ನು ಕೊಳ್ಳುವುದು, ಹೆದರಿಸುವುದು ಎರಡೂ ಸುಲಭ. ಎತ್ತಿನ ತೂಕಕ್ಕೆ ಒಂದೇ ಸರಿಯುತ್ತರವಿತ್ತು, ರಾಜಕೀಯದಲ್ಲಿ ಹಾಗಿಲ್ಲ, ಒಬ್ಬೊಬ್ಬರ ಕಷ್ಟವೂ ಬೇರೆ ಎನ್ನಬಹುದು. ಅದಕ್ಕಾಗಿಯೇ ಹೆರಿಗೆ ಆಸ್ಪತ್ರೆ ಬೇಕೆನ್ನುವ ಹೆಂಗಸಿನ ಚೀಟಿ ಖಬರಸ್ತಾನದ ಗೋಡೆ ಬೇಕೆನ್ನುವ ಗಂಡಸಿನ ಚೀಟಿಗಿಂತ ಬೇರೆಯಾಗಿಯೇ ಪೆಟ್ಟಿಗೆಗೆ ಬೀಳಬೇಕು.

ಅಬ್ಬಾ ಈಗಿಲ್ಲ. ಅಮ್ಮಿಗೆ ವಯಸ್ಸಾಗಿದೆ, ಮತಗಟ್ಟೆಗೆ ಕೈ ಹಿಡಿದು ಕರೆದುಕೊಂಡು ಹೋಗುವವರು ನಾವು. ಕಳೆದ ಸಲ ಹೊರಗೆ ಬಂದಾಗ ತಡೆಯಲಾಗದೆ ಕೇಳಿಬಿಟ್ಟೆವು: "1989ರಲ್ಲಿ ಯಾರಿಗೆ ಹಾಕಿದ್ದಿರಿ ಅಮ್ಮಿ?" ಅವರು ಬೆರಳಿನ ಶಾಯಿಯನ್ನು ನೋಡಿಕೊಂಡು ನಕ್ಕು, "ನಿನ್ನ ಅಬ್ಬಾಗೇ ಹೇಳಲಿಲ್ಲ, ನಿನಗೆ ಹೇಳುತ್ತೇನೆಯೇ?" ಎಂದರು.